ಇತರ ಸಂಗತಿಗಳು ಬದಲಾಗದಿದ್ದಾಗ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ, ಲಾಡ್ಜಿನ ಮೆಟ್ಟಿಲ ಕೆಳಗೆ
ಎಂಟಡಿ ಆರಡಿ ನನ್ನ ಡಿಟಿಪಿ ಅಂಗಡಿ.
ಟೈಪ್‌ರೈಟರಿನ ಕಾಲದಿಂದ ಇಬ್ಬರು ಮೇಷ್ಟ್ರು ಬರುತ್ತಿದ್ದರು,
ಅರ್ಥಶಾಸ್ತ್ರದವರು. ಹಾಲೇಶಪ್ಪನವರು ಮಂಗಳವಾರ,
ಕಲೀಮುಲ್ಲಾ ಸರ್ ಶುಕ್ರವಾರ, ನಮಾಜು ಮುಗಿಸಿ.
ಒಂದೇ ಕಾಲೇಜು, ಒಂದೇ ಸ್ಟಾಫ್ ರೂಮು,
ಒಂದೇ ಕಿಟಕಿಯ ಆಚೆ ಈಚೆ ಇಪ್ಪತ್ತಾರು ವರ್ಷ.

ಹಾಲೇಶಪ್ಪನವರ ಅಕ್ಷರ ಇರುವೆ ಸಾಲು.
ಸರ್ಕಾರ ಕೈ ಬಿಚ್ಚಬೇಕು, ಅವರ ಪ್ರಕಾರ.
ಜನರ ಜೇಬಿಗೆ ಕಾಸು ಬಿದ್ದರೆ ಅಂಗಡಿ ಏಳುತ್ತದೆ,
ಅಂಗಡಿ ಎದ್ದರೆ ಕಾರ್ಖಾನೆ.
ಕಲೀಮುಲ್ಲಾ ಸರ್ ಪುಟಕ್ಕೆ ಹನ್ನೆರಡೇ ಸಾಲು ಬರೆಯುವವರು.
ಮೊದಲು ಮುಷ್ಟಿ ಬಿಗಿಯಲಿ ಅನ್ನುವರು,
ನೋಟು ಹೆಚ್ಚಿದಷ್ಟೂ ನೋಟು ತೆಳ್ಳಗಾಗುತ್ತದೆ,
ಇದ್ದ ಮಜ್ಜಿಗೆಗೇ ನೀರು ಹೊಯ್ದು ನೆಂಟರನ್ನು ಕರೆದ ಹಾಗೆ.

ನನಗೆ ಇಬ್ಬರದೂ ಸರಿ ಅನ್ನಿಸುತ್ತಿತ್ತು
ಟೈಪು ಮಾಡುತ್ತಿರುವಷ್ಟು ಹೊತ್ತು.

ಇಬ್ಬರಿಗೂ ಬೇಕಾದದ್ದು ಒಂದೇ ಮಾತು:
'ಇತರ ಸಂಗತಿಗಳು ಬದಲಾಗದಿದ್ದಾಗ.'
ಪುಟಕ್ಕೆ ಮೂರು ಸಲ. ಬೆರಳು ಸೋತು
ಅದಕ್ಕೊಂದು ಕೀಲಿ ಮೀಸಲಿಟ್ಟೆ.
ಎಫ್ ಎಂಟು ಒತ್ತಿದರೆ ಸಾಕು,
ಪರದೆಯ ಮೇಲೆ ಇತರ ಸಂಗತಿಗಳು ಅಲ್ಲಾಡದೆ ನಿಂತವು.
ಎದುರಿನ ಕ್ಯಾಸೆಟ್ ಅಂಗಡಿ ಅಷ್ಟರಲ್ಲಿ ಮೊಬೈಲ್ ಅಂಗಡಿಯಾಗಿ
ಮೊಬೈಲ್ ಅಂಗಡಿ ಮೋಮೋ ಅಂಗಡಿಯಾಗಿತ್ತು.
ಭದ್ರಾವತಿಯ ಕಾಗದ ಬರುವುದು ನಿಂತು
ತಮಿಳುನಾಡಿನ ರೀಮು ಬಂದಿತ್ತು.

ಪುಟಕ್ಕೆ ಹನ್ನೆರಡು ಇದ್ದದ್ದನ್ನು ಹದಿನೈದು ಮಾಡಿದ ವಾರ
ಇಬ್ಬರೂ ನನಗೆ ಕಾರಣ ಹೇಳಿದರು.
'ಟೋನರ್ ತುಟ್ಟಿ, ಕರೆಂಟು ತುಟ್ಟಿ,
ಪಾಪ, ವೆಚ್ಚ ನಿಮ್ಮನ್ನು ನೂಕಿದೆ' ಅಂದರು ಮಂಗಳವಾರ.
'ಊರಲ್ಲಿ ದುಡ್ಡು ಜಾಸ್ತಿಯಾಗಿದೆ ಫಿಲೋಮಿನಾ,
ನಿಮಗೆ ಅದರ ವಾಸನೆ ಹತ್ತಿದೆ' ಅಂದರು ಶುಕ್ರವಾರ.
ನಿಜ ಹೇಳಬೇಕೆಂದರೆ, ಚಿಲ್ಲರೆ ಇರಲಿಲ್ಲ.
ಮೂರು ಮೂರು ರೂಪಾಯಿ ವಾಪಸು ಕೊಟ್ಟೂ ಕೊಟ್ಟೂ
ಡ್ರಾಯರು ಬರಿದಾಗಿತ್ತು, ಚಾಕೊಲೇಟು ಕೊಡಲು ನಾಚಿಕೆ.
ಹೇಳಲಿಲ್ಲ. ಅಡಿಟಿಪ್ಪಣಿಗೂ ಸಾಲದ ಸಂಗತಿ ಅದು.

ಆಮೇಲೆ, ಕೈ ಬಿಚ್ಚಿ ಅನ್ನುವವರು
ಹದಿನಾಲ್ಕಕ್ಕೆ ಇಳಿಸಿ ಎಂದು ಹತ್ತು ನಿಮಿಷ ಚೌಕಾಸಿ ಮಾಡಿದರು.
ಮುಷ್ಟಿ ಬಿಗಿಯಿರಿ ಅನ್ನುವವರು
ನೂರರ ನೋಟಿಟ್ಟು, ಬಾಕಿ ಕೇಳದೆ ನಡೆದರು.

ನೋಟು ರದ್ದಾದ ನವೆಂಬರಿನಲ್ಲಿ ಒಂದೇ ದಿನ ಬಂದರು,
ಒಂದೇ ಬ್ಯಾಂಕಿನ ಸಾಲಿನಿಂದ ಬಿಡಿಸಿಕೊಂಡು.
ಇರುವುದೊಂದೇ ಸ್ಟೂಲು. ಇಬ್ಬರೂ ನಿಂತೇ ಇದ್ದರು.
ಒಬ್ಬರ ಲೇಖನ ರಕ್ತ ಹರಿಯಿತು ಅಂದಿತು,
ಇನ್ನೊಬ್ಬರದು, ಕೆಟ್ಟ ರಕ್ತ ಅಂದಿತು.
'ಎಷ್ಟು ಸಿಕ್ಕಿತು?'
'ಎರಡು ಸಾವಿರದ್ದೊಂದು. ಯಾರೂ ಮುರಿಸಿಕೊಡೋಲ್ಲ.'
'ನನ್ನದೂ ಅದೇ ಮಾರಾಯ.'
ಮಗಳ ಹಳೇ ಗಣಿತದ ಪುಸ್ತಕ ತೆಗೆದು
ಭಿನ್ನರಾಶಿಯ ಬೆನ್ನಿಗೆ ಬರೆದುಕೊಂಡೆ:
ಹಾಲೇಶಪ್ಪ ನೂರಾ ಎಂಬತ್ತು, ಕಲೀಮುಲ್ಲಾ ಅರವತ್ತು.
ಚೌಕಾಸಿಯವರು ಮೂರನೇ ವಾರಕ್ಕೇ ತೀರಿಸಿದರು.
ಅರವತ್ತು ಇನ್ನೂ ಅಲ್ಲೇ ಇದೆ.

ಮೊನ್ನೆ ಶುಕ್ರವಾರ ಕಲೀಮುಲ್ಲಾ ಸರ್ ಬಂದರು,
ಕೈಯಲ್ಲಿ ಕಾಗದವಿಲ್ಲ.
'ಹಾಲೇಶನಿಗೆ ಕಿವಿ ಪೂರ್ತಿ ಹೋಗಿದೆಯಂತೆ,
ಫೋನಿನಲ್ಲಿ ಜಗಳ ಸಾಗುತ್ತಿಲ್ಲ.
ನಾನು ಹೇಳ್ತೀನಿ, ನೀವು ಹೊಡೀರಿ, ದಪ್ಪ ಅಕ್ಷರ.'
ಇಪ್ಪತ್ತನಾಲ್ಕರ ಸೈಜಿಟ್ಟೆ.
'ಹಾಲೇಶ, ಎರಡು ಸಾವಿರದ ಒಂಬತ್ತರಲ್ಲಿ ನೀನು ಹೇಳಿದ್ದು,'
ಅಂದು ನಿಂತರು.
ಯುಪಿಎಸ್ ಒಮ್ಮೆ ಕೂಗಿ ಸುಮ್ಮನಾಯಿತು.
ನನ್ನ ಬೆರಳು ತಾನೇ ಎಫ್ ಎಂಟರತ್ತ ಹೋಯಿತು.
'ಅದು ಬೇಡ' ಅಂದರು.
ಕರ್ಸರು ಮಿನುಗುತ್ತಿದೆ.
ಸ್ಟೂಲು ಎಳೆದುಕೊಂಡು ಕೂತರು.
'ಈಗ ಪುಟಕ್ಕೆ ಎಷ್ಟು, ಫಿಲೋಮಿನಾ?'